ವ್ಯಾನಿನ ಮೇಲೇಳುವ ಟಾಪಿಗೆ ಹೊಸ ಬಟ್ಟೆ: ಲಾರಿ ಟಾರ್ಪಾಲು ಸಾಕಾಗಲ್ವಾ?

ಪ್ರಶ್ನೆ: ನಮ್ಮ ಊರು ಮೂಡಿಗೆರೆ ಹತ್ತಿರ. ಮಲಗುವುದಕ್ಕೆ, ಅಡುಗೆ ಮಾಡಿಕೊಳ್ಳುವುದಕ್ಕೆ ಆಗುವ ಹಾಗೆ ಮಾಡಿಸಿದ್ದ ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡಿದ್ದೇವೆ. ಅದರ ಟಾಪು ನೇರವಾಗಿ ಮೇಲೇಳುತ್ತದೆ, ಸುತ್ತ ನಾಲ್ಕೂ ಕಡೆ ಬಟ್ಟೆ ಇದೆ. ಈಗ ಆ ಬಟ್ಟೆ ಮಡಿಕೆ ಬೀಳುವ ಜಾಗದಲ್ಲಿ ಹರಿದಿದೆ. ಮೂಲೆಗಳಲ್ಲಿ ಕಪ್ಪು ಬೂಷ್ಟು ಹಿಡಿದಿದೆ. ಕಳೆದ ಮಳೆಗಾಲದಲ್ಲಿ ಹೊಲಿಗೆಯಿಂದ ನೀರು ಹಾಸಿಗೆ ಮೇಲೆ ತೊಟ್ಟಿಕ್ಕಿತು. "ಲಾರಿ ಟಾರ್ಪಾಲೇ ಹಾಕಿಸಿಬಿಡಿ, ಒಂದು ಹನಿ ಒಳಗೆ ಬರಲ್ಲ" ಎಂದು ಪರಿಚಯದವರು ಹೇಳುತ್ತಾರೆ. ಹಾಕಿಸಬಹುದಾ? ಈ ಕೆಲಸ ಇಲ್ಲೇ ಆಗುತ್ತದಾ, ಬೆಂಗಳೂರಿಗೇ ಹೋಗಬೇಕಾ?

ಉತ್ತರ: ಟಾರ್ಪಾಲು ಹಾಕಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನೇ ಒಮ್ಮೆ ಹಾಕಿಕೊಟ್ಟು ಪಾಠ ಕಲಿತಿದ್ದೇನೆ.

ನಮ್ಮಪ್ಪ ಚಿಕ್ಕಮಗಳೂರಿನಲ್ಲಿ ಜೀಪ್ ಹುಡ್ ಹೊಲಿಯುತ್ತಿದ್ದರು. ತೋಟದ ಜೀಪುಗಳು, ಘಾಟಿ ಹತ್ತುವ ಜೀಪುಗಳು ಎಲ್ಲ ಬರುತ್ತಿದ್ದವು. ಆ ಕೆಲಸವೇ ನನ್ನ ಕೈಗೂ ಬಂತು. ಕೆಲವು ವರ್ಷಗಳ ಹಿಂದೆ ಒಬ್ಬರು ನಿಮ್ಮ ಥರದ್ದೇ ವ್ಯಾನು ತಂದು, ಪಿವಿಸಿ ಲೇಪ ಇರುವ ಲಾರಿ ಟಾರ್ಪಾಲೇ ಬೇಕು ಅಂದರು. ಜೀಪಿಗೆ ಅದನ್ನೇ ಹಾಕುತ್ತೇವಲ್ಲ, ಇದಕ್ಕೂ ಆಗುತ್ತದೆ ಅಂತ ನಾನೂ ಹೊಲಿದುಕೊಟ್ಟೆ. ಒಂದೇ ತಿಂಗಳಿಗೆ ವಾಪಸ್ ಬಂದರು. "ಎಲ್ಲೋ ಸೋರುತ್ತಿದೆ, ಬೆಳಿಗ್ಗೆ ಹಾಸಿಗೆ ಒದ್ದೆ" ಅಂದರು. ಪೈಪಿನಲ್ಲಿ ನೀರು ಬಿಟ್ಟು ನೋಡಿದೆ, ಒಂದು ಹನಿಯೂ ಒಳಗೆ ಬರಲಿಲ್ಲ. ಕೊನೆಗೆ ಅವರ ಜೊತೆ ಕೊಟ್ಟಿಗೆಹಾರದ ಹತ್ತಿರ ಒಂದು ರಾತ್ರಿ ಅದೇ ವ್ಯಾನಿನಲ್ಲಿ ಮಲಗಿದೆ. ಆ ರಾತ್ರಿ ಮಳೆಯೇ ಬರಲಿಲ್ಲ. ಆದರೂ ಬೆಳಿಗ್ಗೆ ಎದ್ದು ಕೈಯಿಟ್ಟರೆ ಬಟ್ಟೆಯ ಒಳಮೈ ತುಂಬ ನೀರು, ಕೆಳಗಿನ ಪಟ್ಟಿಯವರೆಗೂ ಇಳಿಯುತ್ತಿತ್ತು.

ಅದು ನಮ್ಮದೇ ಉಸಿರು. ಇಬ್ಬರು ಮಲಗಿದರೆ ಬೆಳಗಾಗುವುದರೊಳಗೆ ಉಸಿರು, ಬೆವರು ಸೇರಿ ಅರ್ಧ ಲೀಟರಿನ ಆಸುಪಾಸು ನೀರು ಗಾಳಿಗೆ ಸೇರುತ್ತದೆ. ಒಳಗೇ ಚಹಾ ಕಾಯಿಸಿದರೆ ಇನ್ನೂ ಜಾಸ್ತಿ. ಪಿವಿಸಿ ಆ ಹಬೆಯನ್ನು ಹೊರಗೆ ಬಿಡುವುದಿಲ್ಲ. ಹೊರಗೆ ಥಂಡಿ, ಒಳಗೆ ಬೆಚ್ಚಗೆ. ಅನ್ನದ ಪಾತ್ರೆಯ ಮುಚ್ಚಳದ ಒಳಗೆ ನೀರು ಕೂರುವ ಹಾಗೆ ಕೂರುತ್ತದೆ. ಜೀಪಿನಲ್ಲಿ ಯಾರೂ ರಾತ್ರಿ ಮಲಗುವುದಿಲ್ಲ, ಪಕ್ಕದಿಂದ ಗಾಳಿಯೂ ಆಡುತ್ತದೆ. ಹಾಗಾಗಿ ಅಲ್ಲಿ ತೊಂದರೆ ಕಾಣುವುದಿಲ್ಲ, ಅಷ್ಟೇ. ಮಲೆನಾಡಿನಲ್ಲಿ ಮಲಗುವ ವ್ಯಾನಿಗೆ ಹೊರಗಿನ ಮಳೆ ಅರ್ಧ ಕಷ್ಟ. ಒಳಗಿನ ಹಬೆ ಇನ್ನರ್ಧ. ನೀವು ಹೇಳಿದ ಕಪ್ಪು ಬೂಷ್ಟು ಬಂದಿರುವುದು ಬಹುಶಃ ಈ ಎರಡನೆಯದರಿಂದಲೇ.

ಹಾಗಾದರೆ ಯಾವ ಬಟ್ಟೆ? ಉಸಿರಾಡುವ ಬಟ್ಟೆ. ನನ್ನ ಆಯ್ಕೆ ಹತ್ತಿ, ಪಾಲಿಯೆಸ್ಟರ್ ಎರಡೂ ಸೇರಿದ ಕ್ಯಾನ್ವಾಸ್, ನೀರು ನಿಲ್ಲದ ಹಾಗೆ ಪ್ರೂಫಿಂಗ್ ಮಾಡಿದ್ದು. ಅಂಗಡಿಯಲ್ಲಿ ಇದನ್ನು ಔನ್ಸ್ ಲೆಕ್ಕದಲ್ಲಿ, ಅಂದರೆ ಒಂದು ಚದರ ಗಜದ ತೂಕದ ಲೆಕ್ಕದಲ್ಲಿ ಕೇಳಿ. 10 ಔನ್ಸ್ ಅಂದರೆ ಚದರ ಮೀಟರಿಗೆ ಸುಮಾರು 340 ಗ್ರಾಂ, 12 ಔನ್ಸ್ ಅಂದರೆ ಸುಮಾರು 400 ಗ್ರಾಂ. ಈ ಎರಡರ ನಡುವೆ ಇರಲಿ. 16 ಔನ್ಸಿನದು ಗಟ್ಟಿ ಅಂತ ತಂದರೆ ಟಾಪು ಕೆಳಗಿಳಿಸುವಾಗ ಮಡಿಕೆ ಕೂರುವುದಿಲ್ಲ, ದಪ್ಪವಾಗಿ ಉಬ್ಬಿ ಸಿಕ್ಕಿಹಾಕಿಕೊಳ್ಳುತ್ತದೆ. ಖರ್ಚು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ ಅನ್ನುವುದಾದರೆ ಅಕ್ರಿಲಿಕ್ ಬಟ್ಟೆ ಇದೆ. ನೂಲು ತೆಗೆಯುವ ಮೊದಲೇ ಬಣ್ಣ ಬೆರೆಸಿ ಮಾಡುವಂಥದ್ದು, ದೋಣಿಗಳ ಮೇಲೆ, ಹೋಟೆಲಿನ ನೆರಳು ಛಾವಣಿಗೆ ಹಾಕುತ್ತಾರಲ್ಲ, ಅದು. ಬಿಸಿಲಿಗೆ ಬಣ್ಣ ಹೋಗುವುದಿಲ್ಲ, ಬೂಷ್ಟು ಕಡಿಮೆ, ಗಾಳಿಯೂ ಆಡುತ್ತದೆ. ಆದರೆ ಒರಟು ಅಂಚಿಗೆ ಉಜ್ಜಿದರೆ ಬೇಗ ಸವೆಯುತ್ತದೆ.

ಪೂರಾ ಹತ್ತಿಯ ಕ್ಯಾನ್ವಾಸಿಗೆ ಒಂದು ಒಳ್ಳೆಯ ಗುಣ ಇದೆ. ಒದ್ದೆಯಾದಾಗ ನೂಲು ಊದಿಕೊಂಡು ಸಂದುಗಳು ತಾವೇ ಮುಚ್ಚಿಕೊಳ್ಳುತ್ತವೆ. ಆದರೆ ವಾರಗಟ್ಟಲೆ ಒಣಗದೆ ಇದ್ದರೆ ಕೊಳೆಯುತ್ತದೆ, ಜೊತೆಗೆ ಕುಗ್ಗುತ್ತದೆ. ಮೂಡಿಗೆರೆ ಕಡೆ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಮಳೆ. ಅಂಥ ಕಡೆ ಬರೀ ಹತ್ತಿ ಬೇಡ. ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ 1951ರಿಂದಲೇ ಫೋಕ್ಸ್‌ವ್ಯಾಗನ್ ವ್ಯಾನುಗಳನ್ನು ಮನೆಯಂತೆ ಮಾಡಿಕೊಡಲು ಶುರು ಮಾಡಿತು. ಮೇಲೇಳುವ ಟಾಪು ಜನಪ್ರಿಯವಾಗಿದ್ದೂ ಅಂಥ ವ್ಯಾನುಗಳಿಂದಲೇ. ಅವರ ಕಡೆಯ ವಿಡಿಯೋ ನೋಡಿ ಬಟ್ಟೆ ಆರಿಸುವವರಿಗೆ ನಾನು ಹೇಳುವುದು ಇಷ್ಟೇ: ಕೆಲಸದ ವಿಧಾನ ಅಲ್ಲಿಂದ ಕಲಿಯಿರಿ, ಬಟ್ಟೆಯನ್ನು ಮಾತ್ರ ಪುಷ್ಯ ಮಳೆಯ ಎರಚಲನ್ನು ನೆನೆಸಿಕೊಂಡು ಆರಿಸಿ.

ಇನ್ನು, ನಿಮ್ಮ ಬಟ್ಟೆ ಬದಲಿಸಲೇಬೇಕಾ ಅಂತ ಒಮ್ಮೆ ನೋಡಿ. ಹರಿದ ಜಾಗದಿಂದ ಒಂದು ಅಡಿ ಆಚೆ, ಬಿಸಿಲು ಹೆಚ್ಚು ಬೀಳುವ ಕಡೆ, ಬಟ್ಟೆಯನ್ನು ಎರಡೂ ಕೈಯ ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ಎಳೆಯಿರಿ. ಪರ್ ಅಂತ ಬಿಟ್ಟುಕೊಂಡರೆ ಬಟ್ಟೆ ಸತ್ತಿದೆ, ತೇಪೆ ಹಾಕಿ ಪ್ರಯೋಜನ ಇಲ್ಲ. ಗಟ್ಟಿಯಾಗಿದ್ದು ಹೊಲಿಗೆ ಮಾತ್ರ ಸೋರುತ್ತಿದ್ದರೆ ಸಾಲಿನುದ್ದಕ್ಕೂ ಜೇನುಮೇಣ ಉಜ್ಜಿ, ಕೂದಲು ಒಣಗಿಸುವ ಡ್ರೈಯರಿನಿಂದ ಬಿಸಿ ಮಾಡಿ ಇಳಿಸಿದರೆ ಒಂದೆರಡು ಮಳೆಗಾಲ ತಳ್ಳಬಹುದು. ನೀವು ಬರೆದಿರುವುದು ನೋಡಿದರೆ ಬದಲಿಸುವುದೇ ಸರಿ ಅನ್ನಿಸುತ್ತದೆ.

ಆದರೆ ಬಿಚ್ಚುವ ಮೊದಲು ಮಡಿಕೆಯಲ್ಲೇ ಯಾಕೆ ಹರಿಯಿತು ಅಂತ ಕಂಡುಹಿಡಿಯಿರಿ. ಇಲ್ಲದಿದ್ದರೆ ಹೊಸದೂ ಅಲ್ಲೇ ಹರಿಯುತ್ತದೆ. ಒಬ್ಬರು ಟಾಪನ್ನು ನಿಧಾನವಾಗಿ ಇಳಿಸಲಿ, ಇನ್ನೊಬ್ಬರು ಒಳಗೆ ಕೂತು ನೋಡಲಿ. ಬಟ್ಟೆ ಒಳಕ್ಕೆ ಮಡಚಿಕೊಳ್ಳಬೇಕು. ಹೊರಕ್ಕೆ ಉಬ್ಬಿದರೆ ಟಾಪಿನ ಅಂಚಿಗೂ ಬಾಡಿಗೂ ನಡುವೆ ಸಿಕ್ಕಿ ಕತ್ತರಿಸಿದ ಹಾಗೆ ಆಗುತ್ತದೆ. ಇದಕ್ಕೆ ಎರಡು ಉಪಾಯ. ಬಟ್ಟೆಯ ನಡುಮಟ್ಟದಲ್ಲಿ ಒಳಗಡೆ ಸುತ್ತಲೂ ಎಲಾಸ್ಟಿಕ್ ಹಗ್ಗ ಓಡಿಸಿದರೆ ಅದು ಸೊಂಟ ಹಿಡಿದ ಹಾಗೆ ಬಟ್ಟೆಯನ್ನು ಒಳಕ್ಕೆ ಎಳೆಯುತ್ತದೆ. ಮತ್ತೆ, ಟಾಪು ಇಳಿಸುವಾಗ ವ್ಯಾನಿನ ಒಂದು ಬಾಗಿಲು ತೆಗೆದಿಡಿ. ಎಲ್ಲ ಮುಚ್ಚಿದ್ದರೆ ಒಳಗಿನ ಗಾಳಿ ಹೋಗಲು ದಾರಿ ಇಲ್ಲದೆ ಬಟ್ಟೆಯನ್ನೇ ಹೊರಗೆ ತಳ್ಳುತ್ತದೆ. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದೆ ಎಷ್ಟೋ ಬಟ್ಟೆ ಹಾಳಾಗಿರುವುದನ್ನು ನೋಡಿದ್ದೇನೆ, ಬೇಜಾರಾಗುತ್ತದೆ. ಕತ್ತರಿಯಂಥ ಕೀಲು ಇದ್ದರೆ ಅದರ ಸಂದಿಗೂ ಬಟ್ಟೆ ತಾಗುತ್ತದಾ ನೋಡಿ.

ಗ್ಯಾಸ್ ಶಾಕರ್ ಕೂಡ ನೋಡಿ. ಕಾರಿನ ಡಿಕ್ಕಿ ಎತ್ತಿ ಹಿಡಿಯುವ ದಂಡದಂಥದ್ದು ನಿಮ್ಮ ಟಾಪಿಗೂ ಇರಬಹುದು. ಅದು ಹಳತಾದರೆ ಟಾಪು ಪೂರ್ತಿ ಏಳುವುದಿಲ್ಲ, ಬಟ್ಟೆ ಜೋತು ಬಿದ್ದು ಆ ಮಡಿಕೆಯಲ್ಲಿ ನೀರು ನಿಲ್ಲುತ್ತದೆ. ಚಳಿಯಲ್ಲಿ ಒಳಗಿನ ಗ್ಯಾಸಿನ ಒತ್ತಡವೂ ಇಳಿಯುತ್ತದೆ. ಮಧ್ಯಾಹ್ನ 30 ಡಿಗ್ರಿ ಇದ್ದು ಬೆಳಗಿನ ಜಾವ 12ಕ್ಕೆ ಇಳಿದರೆ ಒತ್ತಡ ನೂರಕ್ಕೆ ಆರರಷ್ಟು ಕಡಿಮೆ. ಹಾಗಾಗಿ ಬೆಳಿಗ್ಗೆ ಹೊತ್ತು ಪರೀಕ್ಷೆ ಮಾಡಿ. ಸೋತಿದ್ದರೆ ಅಳತೆ ತೆಗೆಯುವ ಮೊದಲೇ ಬದಲಿಸಿ. ಅರ್ಧ ಎದ್ದ ಟಾಪಿಗೆ ಅಳತೆ ತೆಗೆದರೆ ಬಟ್ಟೆ ಗಿಡ್ಡವಾಗುತ್ತದೆ. ಹಳೆಯ ಶಾಕರನ್ನು ಕೊರೆಯಲು, ಬಿಸಿ ಮಾಡಲು ಹೋಗಬೇಡಿ. ಒಳಗೆ ಭಾರೀ ಒತ್ತಡ ಇರುತ್ತದೆ.

ಬಿಚ್ಚುವ ದಿನ ಟಾಪಿಗೆ ನಾಲ್ಕು ಮೂಲೆಯಲ್ಲೂ ಮರದ ಊರೆ ಕೊಡಿ. ಇದನ್ನು ಬಿಡಲೇಬೇಡಿ. ಬಟ್ಟೆ ಇರುವವರೆಗೆ ಟಾಪು ಇಷ್ಟಕ್ಕಿಂತ ಮೇಲೇಳದ ಹಾಗೆ, ಪಕ್ಕಕ್ಕೆ ವಾಲದ ಹಾಗೆ ಅದೇ ಹಿಡಿದಿರುತ್ತದೆ. ಬಟ್ಟೆ ತೆಗೆದ ಮೇಲೆ ಆ ಹಿಡಿತ ಇಲ್ಲ. ಎರಡು ಜನ ಬೇಕು, ಮೂವರಿದ್ದರೆ ಒಳ್ಳೆಯದು. ಗಾಳಿ ಇರುವ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ.

ತೆಗೆಯುವ ಮುನ್ನ ಬಟ್ಟೆಯ ಮೇಲೆ ಗುರುತು ಹಾಕಿ. ಮುಂದೆ, ಹಿಂದೆ, ಎಡ, ಬಲ ನಾಲ್ಕೂ ಕಡೆ ಮಧ್ಯಕ್ಕೆ ಒಂದೊಂದು ಗೆರೆ ಎಳೆದು, ಅದೇ ಜಾಗದಲ್ಲಿ ಬಾಡಿಗೂ ಟಾಪಿಗೂ ಒಂದೊಂದು ಗೆರೆ. ಮೂಲೆಯ ಬಾಗುವಿಕೆ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಅಂತಲೂ ಗುರುತಿಸಿ. ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಪಿನ್ನು, ರಿವೆಟ್ಟು ಬಿಚ್ಚಿ ಬಟ್ಟೆ ಇಳಿಸಿದ ಮೇಲೆ ಹೊಲಿಗೆ ಬಿಡಿಸಿ ತುಂಡುಗಳನ್ನು ನೆಲದ ಮೇಲೆ ಹಾಸಿ.

ಈಗ ಮುಖ್ಯವಾದ ಮಾತು. ಹಳೆಯ ತುಂಡನ್ನು ಹೊಸ ಬಟ್ಟೆ ಮೇಲಿಟ್ಟು ಹಾಗೇ ಕತ್ತರಿಸಬೇಡಿ. ಹತ್ತಾರು ಮಳೆಗಾಲ ಕಂಡ ಬಟ್ಟೆ ಒಂದು ಕಡೆ ಕುಗ್ಗಿರುತ್ತದೆ, ಇನ್ನೊಂದು ಕಡೆ ಜಗ್ಗಿರುತ್ತದೆ. ಅದರಿಂದ ಆಕಾರ ತಿಳಿದುಕೊಳ್ಳಿ, ಅಳತೆಯನ್ನು ಗಾಡಿಯಿಂದಲೇ ತೆಗೆಯಿರಿ. ಟಾಪು ಪೂರ್ತಿ ಎದ್ದಾಗ ಕೆಳಪಟ್ಟಿಯಿಂದ ಮೇಲ್ಪಟ್ಟಿಗೆ ಎಷ್ಟು ಎತ್ತರ ಅಂತ ಪ್ರತಿ ಒಂದು ಅಡಿಗೆ ಟೇಪು ಹಿಡಿದು ಬರೆದುಕೊಳ್ಳಿ. ಎಡಕ್ಕೂ ಬಲಕ್ಕೂ ಒಂದು ಸೆಂಟಿಮೀಟರ್ ವ್ಯತ್ಯಾಸ ಬಂದರೆ ಗಾಬರಿ ಬೇಡ. ಕೈಯಲ್ಲಿ ಮಾಡಿಸಿದ ಟಾಪುಗಳು ಎಲ್ಲೋ ಸ್ವಲ್ಪ ಸೊಟ್ಟಗೇ ಇರುತ್ತವೆ. ಬಟ್ಟೆ ಆ ಸೊಟ್ಟಕ್ಕೆ ಸರಿಯಾಗಿ ಕೂರಬೇಕು.

ಹೊಸ ಬಟ್ಟೆ ಎಷ್ಟು ಕುಗ್ಗುತ್ತದೆ ಅಂತಲೂ ನೋಡಿ. ಒಂದು ತುಂಡಿನ ಮೇಲೆ ಉದ್ದಕ್ಕೂ ಅಗಲಕ್ಕೂ 50 ಸೆಂಟಿಮೀಟರಿನ ಗೆರೆ ಹಾಕಿ, ರಾತ್ರಿ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಮತ್ತೆ ಅಳೆಯಿರಿ. ಅರ್ಧ ಸೆಂಟಿಮೀಟರ್ ಕಡಿಮೆ ಬಂತು ಅಂದರೆ ನೂರಕ್ಕೆ ಒಂದು. ಅಂಥ ಬಟ್ಟೆ ಎರಡೂವರೆ ಮೀಟರ್ ಉದ್ದದ ಪಕ್ಕದಲ್ಲಿ ಎರಡೂವರೆ ಸೆಂಟಿಮೀಟರ್ ಕುಗ್ಗುತ್ತದೆ. ಅಷ್ಟು ಸಾಕು ಮೂಲೆಯ ಹೊಲಿಗೆ ಬಿಚ್ಚಿಕೊಳ್ಳಲು.

ಆಮೇಲೆ ಅಗ್ಗದ ಕೋರಾ ಬಟ್ಟೆಯಲ್ಲಿ ಇಡೀ ಟಾಪಿಗೆ ಒಂದು ಮಾದರಿ ಹೊಲಿಸಿ. ದೊಡ್ಡ ಹೊಲಿಗೆ ಸಾಕು. ಅದನ್ನು ಟೇಪಿನಿಂದ ಅಂಟಿಸಿ ಟಾಪನ್ನು ನಾಲ್ಕಾರು ಸಲ ಏರಿಸಿ ಇಳಿಸಿ. ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಅಲ್ಲೇ ಗೊತ್ತಾಗುತ್ತದೆ. ಕೋರಾ ಬಟ್ಟೆಗೆ ಆಗುವ ಖರ್ಚು ಕ್ಯಾನ್ವಾಸಿನ ಮುಂದೆ ಏನೂ ಅಲ್ಲ. ಸುಮ್ನೆ ದುಡ್ಡು ದಂಡ ಅನ್ನುವವರ ಮಾತು ಕೇಳಬೇಡಿ.

ಕ್ಯಾನ್ವಾಸ್ ಎಷ್ಟು ಬೇಕು ಅನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ನಿಮ್ಮ ಟಾಪು 2.4 ಮೀಟರ್ ಉದ್ದ, 1.5 ಮೀಟರ್ ಅಗಲ ಅಂದುಕೊಳ್ಳಿ. ಸುತ್ತಳತೆ 7.8 ಮೀಟರ್. ಎತ್ತರ 60 ಸೆಂಟಿಮೀಟರ್, ಮೇಲೆ ಕೆಳಗೆ ಮಡಚಲು ಐದೈದು, ಒಟ್ಟು 70. ಒಂದೂವರೆ ಮೀಟರ್ ಪನ್ನದ ಬಟ್ಟೆಯನ್ನು ಉದ್ದಕ್ಕೆ ಎರಡಾಗಿ ಸೀಳಿದರೆ 75 ಸೆಂಟಿಮೀಟರಿನ ಎರಡು ಪಟ್ಟಿ. ಅಂದರೆ ಸುತ್ತಲಿಗೆ ನಾಲ್ಕೂವರೆ ಮೀಟರ್ ಬಟ್ಟೆ ಸಾಕು. ಕಿಟಕಿ ಮುಚ್ಚಳ, ಮೂಲೆಯ ತೇಪೆ, ತಪ್ಪಿಗೆ ಅಂತ ಸೇರಿಸಿ ಆರೂವರೆ ಮೀಟರ್ ತನ್ನಿ. ಹೀಗೆ ಅಡ್ಡಕ್ಕೆ ಓಡಿಸಿದರೆ ಜೋಡಣೆಯ ಹೊಲಿಗೆಯೂ ಕಡಿಮೆ. ಹೊಲಿಗೆ ಕಡಿಮೆ ಇದ್ದಷ್ಟೂ ಸೋರುವ ಜಾಗ ಕಡಿಮೆ, ಅಲ್ವಾ?

ಮನೆಯ ಮೆಷಿನ್ನಿನಲ್ಲಿ ಇದು ಆಗುವುದಿಲ್ಲ. ಮೂಲೆಯಲ್ಲಿ ನಾಲ್ಕು ಪದರ ಬಂದಾಗ ಸೂಜಿ ಮುರಿಯುತ್ತದೆ. ಕುಶನ್ ಅಂಗಡಿಯ ದೊಡ್ಡ ಮೆಷಿನ್ನು, ಅದರಲ್ಲೂ ಮೇಲಿನ ಪಾದವೂ ಬಟ್ಟೆಯನ್ನು ಎಳೆದುಕೊಂಡು ಹೋಗುವಂಥದ್ದು ಬೇಕು. ಸೂಜಿ 16 ಅಥವಾ 18 ನಂಬರ್. ದಾರ ಪಾಲಿಯೆಸ್ಟರಿನದೇ ಇರಲಿ. ಹತ್ತಿ ದಾರ ಕೊಳೆಯುತ್ತದೆ, ನೈಲಾನ್ ಬಿಸಿಲಿಗೆ ಬೇಗ ಸೋಲುತ್ತದೆ. ಒಂದು ಇಂಚಿಗೆ ಏಳು ಹೊಲಿಗೆ ಬಂದರೆ ಸರಿ. ಒತ್ತೊತ್ತಾಗಿ ಹೊಲಿದರೆ ಗಟ್ಟಿ ಅಂತ ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅಂಚೆಚೀಟಿಯ ಅಂಚಿನ ಹಾಗೆ ತೂತಿನ ಸಾಲು ಬಿದ್ದು ಅಲ್ಲಿಂದಲೇ ಸೀಳುತ್ತದೆ.

ಜೋಡಣೆ ಎಲ್ಲ ಜೀನ್ಸ್ ಪ್ಯಾಂಟಿನ ಕಾಲಿನ ಥರ ಮಡಚಿ ಎರಡು ಸಾಲು ಹೊಲಿಯಬೇಕು. ಅಡ್ಡಕ್ಕೆ ಬರುವ ಜೋಡಣೆಯಲ್ಲಿ ಮಂಗಳೂರು ಹೆಂಚು ನೆನಪಿರಲಿ. ಮೇಲಿನ ಬಟ್ಟೆ ಕೆಳಗಿನದರ ಮೇಲೆ ಹೊರಗಡೆಯಿಂದ ಕೂರಬೇಕು. ತಿರುಗಿಸಿ ಹೊಲಿದರೆ ಆ ಮಡಿಕೆಯೇ ನೀರು ಹಿಡಿದಿಡುವ ದೋಣಿಯಾಗುತ್ತದೆ. ನೀವು ಹೇಳಿದ ಸೋರಿಕೆಗೆ ಇದೂ ಕಾರಣ ಇರಬಹುದು, ಹಳೆಯದನ್ನು ಬಿಡಿಸುವಾಗ ನೋಡಿ. ಮೂಲೆಗಳಲ್ಲಿ ಒಳಗಡೆ ಇನ್ನೊಂದು ಪದರ ಕೊಡಿಸಿ.

ಕಿಟಕಿ ಎರಡೂ ಪಕ್ಕದಲ್ಲಿ ಇರಲಿ, ಎದುರುಬದುರಾಗಿ, ಗಾಳಿ ಹಾಯಲು. ಸೊಳ್ಳೆ ಪರದೆ ನುಸಿಯೂ ನುಗ್ಗದಷ್ಟು ಸಣ್ಣ ಕಣ್ಣಿನದಿರಲಿ. ಲೋಹದ ಹಲ್ಲಿನ ಜಿಪ್ಪು ಬೇಡ, ನಮ್ಮ ಥಂಡಿಗೆ ಹಿಡಿದುಕೊಳ್ಳುತ್ತದೆ. ಪ್ಲಾಸ್ಟಿಕ್ ಜಿಪ್ಪು ಹಾಕಿಸಿ, ಮೇಲೆ ಎರಡು ಇಂಚಿನ ಮುಚ್ಚಳಪಟ್ಟಿ ಕೊಡಿಸಿ.

ಕೂರಿಸುವಾಗ ಮೊದಲು ಮೇಲಿನ ಅಂಚು, ಆಮೇಲೆ ಕೆಳಗಿನದು. ಹಿಂಭಾಗದ ಮಧ್ಯದ ಗುರುತಿನಿಂದ ಶುರು ಮಾಡಿ, ಮುಂದಿನ ಮಧ್ಯ, ಎಡದ ಮಧ್ಯ, ಬಲದ ಮಧ್ಯ ಅಂತ ಎದುರುಬದುರು ಹಿಡಿಸುತ್ತ ಹೋಗಿ. ಮೂಲೆ ಕೊನೆಗೆ. ಒಂದು ಮೂಲೆಯಿಂದ ಶುರು ಮಾಡಿ ಸುತ್ತುತ್ತ ಬಂದರೆ ಎಲ್ಲ ಸುಕ್ಕೂ ಕೊನೆಯ ಮೂಲೆಗೆ ಬಂದು ಸೇರುತ್ತದೆ. ಪಿನ್ನು ಹೊಡೆಯುವ ಮರದ ಪಟ್ಟಿ ಮೆತ್ತಗಾಗಿದ್ದರೆ ನೀರಿಗೆ ತಡೆಯುವ ಐಎಸ್ 710 ಗುರುತಿನ ಪ್ಲೈವುಡ್ಡಿನಿಂದ ಹೊಸ ಪಟ್ಟಿ ಮಾಡಿಸಿ. ಪಿನ್ನು ಸ್ಟೇನ್‌ಲೆಸ್ ಸ್ಟೀಲಿನದೇ ಬೇಕು. ಮಾಮೂಲಿ ಪಿನ್ನು ಒಂದು ಮಳೆಗಾಲಕ್ಕೆ ತುಕ್ಕು ಹಿಡಿದು, ಆ ತುಕ್ಕು ಬಟ್ಟೆಯನ್ನೂ ತಿನ್ನುತ್ತದೆ. ಅಂಚಿಗೆ ಸಿಲಿಕೋನ್ ಬಳಿಯಬೇಡಿ. ಒಮ್ಮೆ ಬಳಿದರೆ ಆ ಜಾಗದಲ್ಲಿ ಮುಂದೆ ಬೇರೆ ಏನೂ ಅಂಟುವುದಿಲ್ಲ. ರಬ್ಬರಿನಂಥ ಅಂಟಿನ ಬ್ಯೂಟೈಲ್ ಟೇಪು ಒಳ್ಳೆಯದು, ಮೆತ್ತಗೇ ಇರುತ್ತದೆ, ಬೇಕೆಂದಾಗ ಬಿಡಿಸಬಹುದು. ಕೆಳಗಿನ ಪಟ್ಟಿಯಲ್ಲಿ ನೀರು ಹೊರಗೆ ಹೋಗುವ ಸಣ್ಣ ದಾರಿ ಇದ್ದರೆ ಅದನ್ನು ಮುಚ್ಚಬೇಡಿ.

ಕೆಲಸ ಮುಗಿದ ಮೇಲೆ ಮೊದಲ ನೀರಿಗೆ ಹೊಲಿಗೆಯಲ್ಲಿ ಅಲ್ಲಲ್ಲಿ ಹನಿ ಬಂದರೆ ಹೆದರಬೇಡಿ. ದೋಸೆ ಹೆಂಚು ಪಳಗಿಸುತ್ತೇವಲ್ಲ, ಈ ಬಟ್ಟೆಯನ್ನೂ ಪಳಗಿಸಬೇಕು. ಟಾಪು ಎತ್ತಿ, ಪೈಪಿನಿಂದ ಚೆನ್ನಾಗಿ ನೆನೆಸಿ, ಪೂರ್ತಿ ಒಣಗಿಸಿ. ಹೀಗೆ ಮೂರು ಸಲ. ನೂಲು ಊದಿ ಇಳಿದು ಸೂಜಿ ತೂತಿನ ಸುತ್ತ ಕೂತುಕೊಳ್ಳುತ್ತದೆ. ಅಕ್ರಿಲಿಕ್ ಬಟ್ಟೆಗೆ ಈ ಗುಣ ಇಲ್ಲ, ಅದರ ಹೊಲಿಗೆಗೆ ಸೀಲರ್ ಹಚ್ಚಲೇಬೇಕು. ಮಳೆ ಬರುವಾಗ ಒಳಗಿನಿಂದ ಬಟ್ಟೆಗೆ ಬೆರಳು, ದಿಂಬು ತಾಗಿಸಬೇಡಿ ಅಂತ ಮಕ್ಕಳಿಗೂ ಹೇಳಿ. ತಾಗಿದ ಕಡೆ ನೀರು ಒಳಕ್ಕೆ ಇಳಿಯಲು ದಾರಿ ಮಾಡಿಕೊಳ್ಳುತ್ತದೆ.

ಆದ್ದರಿಂದ ಸಮಯ ನೋಡಿಕೊಂಡು ಮಾಡಿಸಿ. ಕಾಫಿ ಕೊಯ್ಲು ಮುಗಿದು ಕೈ ಬಿಡುವಾಗುವ ಫೆಬ್ರುವರಿ ಒಳ್ಳೆಯ ಕಾಲ. ಬಿಸಿಲು ಇರುತ್ತದೆ, ಅಂಟು ಹಿಡಿಯುತ್ತದೆ. ಮಾರ್ಚ್ ಏಪ್ರಿಲಿನ ಹೂಮಳೆ ಬಿದ್ದರೆ ಅದೇ ನಿಮಗೆ ಪರೀಕ್ಷೆ. ತಪ್ಪು ಕಂಡರೆ ಆರಿದ್ರಾ ಮಳೆಯ ಒಳಗೆ ಸರಿ ಮಾಡಿಕೊಳ್ಳಲು ಎರಡು ತಿಂಗಳು ಸಿಗುತ್ತದೆ. ಜೂನಿನಲ್ಲಿ ವ್ಯಾನು ತಂದು ನಿಲ್ಲಿಸಿ ಬೇಗ ಮಾಡಿಕೊಡಿ ಅನ್ನುವವರಿಗೆ ನಾನು ಇಲ್ಲ ಅಂದುಬಿಡುತ್ತೇನೆ. ಆ ಹವೆಯಲ್ಲಿ ಮರದ ಪಟ್ಟಿಯೇ ಒದ್ದೆ ಇರುತ್ತದೆ.

ಬೂಷ್ಟಿನ ವಿಷಯ. ಒದ್ದೆ ಬಟ್ಟೆಯನ್ನು ಮಡಚಿ ಟಾಪು ಮುಚ್ಚಿದ್ದರೆ ಮನೆಗೆ ಬಂದ ದಿನವೇ ಶೆಡ್ಡಿನೊಳಗೆ ಟಾಪು ಎತ್ತಿ ಕಿಟಕಿ ತೆಗೆದು ಬಿಡಿ. ಮಳೆಗಾಲ ಪೂರ್ತಿ ಹಾಗೇ ಎತ್ತಿಟ್ಟರೂ ತಪ್ಪಿಲ್ಲ. ಚುಕ್ಕೆ ಕಂಡರೆ ಒಣಗಿದ ಮೇಲೆ ಮೆತ್ತನೆ ಬ್ರಷ್ಷಿನಿಂದ ಹೊರಗಡೆ ಉದುರಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆಮೇಲೆ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ. ಬ್ಲೀಚಿಂಗ್ ಪೌಡರ್ ನೂಲನ್ನು ಸಾಯಿಸುತ್ತದೆ. ಬಟ್ಟೆ ಒಗೆಯುವ ಸೋಪಿನ ಪುಡಿಯೂ ಬೇಡ, ಅದು ಬಟ್ಟೆಯಲ್ಲಿ ಉಳಿದರೆ ಪ್ರೂಫಿಂಗ್ ಕೆಲಸ ಮಾಡುವುದಿಲ್ಲ. ಹೊರಮೈ ಮೇಲೆ ನೀರು ಮಣಿಯಂತೆ ಉರುಳದೆ ಹೀರಿಕೊಳ್ಳಲು ಶುರುವಾದರೆ ಮತ್ತೆ ಪ್ರೂಫಿಂಗ್ ದ್ರಾವಣ ಹಚ್ಚುವ ಕಾಲ ಬಂತು ಅಂತ ಅರ್ಥ.

ಬಟ್ಟೆ ಬದಲಿಸುವುದು ರಿಪೇರಿ ಅಷ್ಟೇ. ಆದರೆ ಇದೇ ನೆಪದಲ್ಲಿ ಟಾಪನ್ನು ಇನ್ನಷ್ಟು ಎತ್ತರ ಮಾಡಿಸೋಣ, ತಗಡು ಕತ್ತರಿಸೋಣ ಅಂತ ಯಾರಾದರೂ ಹೇಳಿದರೆ ಆರ್‌ಟಿಒ ಅನುಮತಿ ಇಲ್ಲದೆ ಒಪ್ಪಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅದಕ್ಕೇ ಇರುವುದು. ಹಳೆಯ ಗಾಡಿ ಕೊಂಡಿದ್ದೀರಿ, ಈಗಿರುವ ಬದಲಾವಣೆ ಆರ್‌ಸಿಯಲ್ಲಿ ಸೇರಿದೆಯಾ ಅಂತಲೂ ನೋಡಿಕೊಳ್ಳಿ.

ಬೆಂಗಳೂರಿಗೇ ಹೋಗಬೇಕಿಲ್ಲ. ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಜೀಪ್ ಹುಡ್ ಹೊಲಿಯುವ ಹಳಬರನ್ನು ಹುಡುಕಿ. ಘಾಟಿಯ ಎರಚಲು ಮಳೆ ಏನು ಅಂತ ಅವರ ಕೈಗೆ ಗೊತ್ತು. ಕ್ಯಾಂಪರ್ ಅನ್ನುವ ಪದ ಅವರಿಗೆ ಹೊಸದಿರಬಹುದು, ಪರವಾಗಿಲ್ಲ. ಅವರು ಹೊಲಿದ ಒಂದು ಹಳೆಯ ಹುಡ್ ತೋರಿಸಲು ಹೇಳಿ, ಅದರ ಮೂಲೆ ನೋಡಿ. ಮೂಲೆಯಲ್ಲಿ ಸುಕ್ಕಿಲ್ಲದೆ, ಹೊಲಿಗೆ ಬಿಚ್ಚದೆ ನಾಲ್ಕೈದು ಮಳೆಗಾಲ ಕಳೆದಿದ್ದರೆ ಧೈರ್ಯವಾಗಿ ವ್ಯಾನು ಬಿಡಿ. ಕ್ಯಾನ್ವಾಸ್ ಅವರ ಹತ್ತಿರ ಇಲ್ಲದಿದ್ದರೆ ನೀವೇ ತರಿಸಿಕೊಡಿ, ಜೊತೆಗೆ ಹಳೆಯ ಬಟ್ಟೆಯ ಎಲ್ಲ ತುಂಡನ್ನೂ ಕೊಡಿ. ಕೆಲಸ ಮುಗಿದ ಮೇಲೆ ಕೋರಾ ಬಟ್ಟೆಯ ಮಾದರಿಯನ್ನು ಮಾತ್ರ ಕೇಳಿ ವಾಪಸ್ ತನ್ನಿ. ಮಡಚಿ, ಒಣ ಜಾಗದಲ್ಲಿ, ಮೇಲೆ ಗಾಡಿ ನಂಬರ್ ಬರೆದು ಇಡಿ. ಮುಂದಿನ ಸಲ ಅಳತೆಯ ಕೆಲಸ ಅರ್ಧ ಮುಗಿದಿರುತ್ತದೆ.